ಸೊನ್ನೆ ಯಾವ ಮಹಡಿ?

ಮೂರಕ್ಕೆ ಮೈನಸ್ ಐದು ಕೂಡಿಸಿದರೆ ಎಷ್ಟು? ಅನುಜಾಳ ಈ ಒಂದು ಲೆಕ್ಕದಿಂದ ಅವಳಪ್ಪ ಪ್ರಲ್ಹಾದನ ಭಾನುವಾರಗಳೆಲ್ಲ ಅಪಾಯಕ್ಕೆ ಸಿಲುಕಿದವು.

"ಇವತ್ತ ನೀವು ತಿಳಿಸಿ ಹೇಳಿದ್ರ ಸರಿ. ಇಲ್ಲಾಂದ್ರ ಪ್ರತಿ ರವಿವಾರ ಆಕೀನ್ನ ಸದಾಶಿವ ಪೇಠದ ಕ್ಲಾಸಿಗೆ ಕರಕೊಂಡು ಹೋಗ್ರಿ," ಎಂದು ಹೆಂಡತಿ ನರ್ಮದಾ ಕಡ್ಡಿ ಮುರಿದಂತೆ ಹೇಳಿದಳು. ಊರಾಚೆಯ ಹಿಂಜವಾಡಿಯಿಂದ ಊರ ನಡುವಿನ ಸದಾಶಿವ ಪೇಠಕ್ಕೆ! ಆ ಟ್ರಾಫಿಕ್ ನೆನೆದೇ ಅವನು ಗಣಿತದ ಪುಸ್ತಕ ಬಿಡಿಸಿ ಕೂತ.

ಪುಸ್ತಕದ ಸಂಖ್ಯಾರೇಖೆ ಮಗಳ ತಲೆಗೆ ಹತ್ತಲಿಲ್ಲ. ಪ್ರಲ್ಹಾದನಿಗೆ ಥಟ್ಟನೆ ಲಿಫ್ಟು ಹೊಳೆಯಿತು. ಅದೂ ಸಂಖ್ಯಾರೇಖೆಯೇ, ನೆಟ್ಟಗೆ ನಿಂತಿದೆ ಅಷ್ಟೇ!

"ನಮ್ಮದು ಮೂರನೇ ಫ್ಲೋರ್. ಗ್ರೌಂಡ್ ಅಂದ್ರ ಸೊನ್ನಿ. ಮೈನಸ್ ಐದು ಕೂಡಸೂದಂದ್ರ ಐದು ಫ್ಲೋರ್ ಕೆಳಗ ಇಳಿಯೂದು," ಎಂದು ಅವಳನ್ನು ಲಿಫ್ಟಿನೊಳಗೆ ಕರೆದೊಯ್ದು ಕೆಳಗಿನ ಬಟನ್ನುಗಳನ್ನೆಲ್ಲ ಒತ್ತಿದ.

ಎರಡನೇ ಮಹಡಿಯಲ್ಲಿ ಅಲ್ಲಿನ ನಿವಾಸಿ ಸಿದ್ದಾರೂಢ ಕಾಯಿಪಲ್ಲೆಯ ಚೀಲ ಹಿಡಿದು ಒಳಬಂದ. "ಒಂದು!" ಎಂದಳು ಅನುಜಾ.

"ನಾ ಒಬ್ಬನೇ ಇದ್ದೀನಲ್ಲವ್ವಾ, ಎಣಸೂದೇನದ?"

ಮೊದಲನೇ ಮಹಡಿಯಲ್ಲಿ ಸುಲಭಾಬಾಯಿ ಸೇರಿದರು: ಎರಡು. ವಿಷಯ ತಿಳಿದದ್ದೇ ತಡ, ಇಬ್ಬರೂ ತಮ್ಮ ಕೆಲಸ ಮರೆತು ಎಣಿಕೆಗೆ ದನಿಗೂಡಿಸಿದರು. ಕಾರು ನಿಲ್ಲಿಸುವ ಪೋಡಿಯಂ ಬಂತು: ಮೂರು. ಅದರ ಬಟನ್ನಿನ ಮೇಲೆ ಅಂಕಿಯಿಲ್ಲ, ಬರೀ 'ಪಿ'. ಗ್ರೌಂಡ್: ನಾಲ್ಕು. ಬೇಸ್‌ಮೆಂಟ್: ಐದು!

ಆದರೆ ಬೇಸ್‌ಮೆಂಟಿನ ಬಟನ್ನಿನ ಮೇಲೆ ಮೈನಸ್ ಒಂದು ಎಂದಿತ್ತು. ಪುಸ್ತಕದ ಉತ್ತರ ಮೈನಸ್ ಎರಡು.

ಅಲ್ಲಿ ಲಿಫ್ಟಿಗಾಗಿ ಕಾದು ಕಾದು ಕೆಂಪಗಾಗಿದ್ದ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಗೂಳಪ್ಪ ಕತೆಯೆಲ್ಲ ಕೇಳಿಸಿಕೊಂಡ. "ಪುಸ್ತಕ ಸುಳ್ಳು ಹೇಳಂಗಿಲ್ರಿ. ಬಿಲ್ಡರ್ ನಮ್ಮದೊಂದು ಬೇಸ್‌ಮೆಂಟ್ ನುಂಗ್ಯಾನ!"

"ಅಗಬಾಯಿ!" ಎಂದು ಮರಾಠಿಯಲ್ಲಿ ಬೆರಗುಪಟ್ಟು ಸುಲಭಾಬಾಯಿ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿಯೇಬಿಟ್ಟರು. ಸಿದ್ದಾರೂಢ ಕೆಳಗೆ ಟೊಳ್ಳಿದೆಯೇನೋ ಎಂದು ಕಾಲಿಂದ ನೆಲ ಬಡಿದು ನೋಡತೊಡಗಿದ. ಸುದ್ದಿ ಓದಿ ನರ್ಮದಾ ಮೆಟ್ಟಿಲಿಳಿದು ಬಂದಳು. ಭಾನುವಾರಗಳ ಆಸೆಯನ್ನು ಪ್ರಲ್ಹಾದ ಬಿಟ್ಟಾಗಿತ್ತು.

ಅನುಜಾ ಮಾತ್ರ ಬಟನ್ನುಗಳನ್ನೇ ನೋಡುತ್ತಿದ್ದಳು. "ಅಪ್ಪಾ, ಒಂದರ ಕೆಳಗ ಇರೂದು ಪಿ. ಹಂಗಾದ್ರ ಅದೇ ಸೊನ್ನಿ ಆಗಬೇಕಲ್ಲ? ಗ್ರೌಂಡ್ ಮೈನಸ್ ಒಂದು, ಇದು ಮೈನಸ್ ಎರಡು!"

ಎಲ್ಲರೂ ಬೆರಳು ಮಡಚಿ ಎಣಿಸಿದರು. ಸರಿಯಾಗಿತ್ತು. ಬಿಲ್ಡರ್ ತಪ್ಪಿಸಿಕೊಂಡನಲ್ಲಾ ಎಂದು ಗೂಳಪ್ಪನಿಗಷ್ಟೇ ಬೇಸರ.

ಪ್ರಲ್ಹಾದ ಹಿಗ್ಗಿ ಹೀರೆಕಾಯಿಯಾದ. "ನೋಡು, ಆಕಿಗೆ ತಿಳೀತಿಲ್ಲೋ? ಇನ್ನ ಕ್ಲಾಸ್ ಬ್ಯಾಡ!"

ನರ್ಮದಾ ಮಗಳಿಗೆ ದೃಷ್ಟಿ ತಾಕದಂತೆ ನೆಟಿಕೆ ಮುರಿದಳು. "ತಿಳಿಯೂದಷ್ಟೇ ಏನ್ರಿ, ನಿಮ್ಮ ಲೆಕ್ಕಾನ ತಿದ್ದಿದಳು! ಇಷ್ಟು ಶಾಣ್ಯಾ ಹುಡುಗೀನ್ನ ಮನ್ಯಾಗ ಕೂಡ್ರಸೂದಾ? ಅದೇ ಕ್ಲಾಸಿನ್ಯಾಗ ಸ್ಕಾಲರ್‌ಶಿಪ್ ಬ್ಯಾಚ್ ಅದ. ರವಿವಾರ ಅಷ್ಟೇ ಅಲ್ಲ, ಶನಿವಾರಾನೂ!"