ಎರಡು ಮುಖದ ಪತ್ರಿಕೆ

ಹಮ್ಮಾದಿ ಬದಲಿಸಿದ್ದು ಒಂದೇ ಒಂದು ಅಕ್ಷರ, ಅದೂ ಬೇಕೆಂದೇ. ಟ್ಯೂನಿಸ್‌ನಲ್ಲಿ ಕೂತು ನಮ್ಮನ್ನು ಆಳುತ್ತಿದ್ದ ಫ್ರೆಂಚ್ ದೊರೆಯನ್ನು ಅರಬ್ಬಿ ಪತ್ರಿಕೆಗಳು ‘ಮುಕೀಮ್’ ಎನ್ನುತ್ತಿದ್ದವು, ಎಂದರೆ ಇಲ್ಲಿ ನೆಲೆಸಿದವನು. ಮೊದಲಕ್ಷರ ಬದಲಾದರೆ ಅದು ‘ಅಕೀಮ್’, ಎಂದರೆ ಬಂಜರು. ಆ ಬೆಳಿಗ್ಗೆ ಹಮ್ಮಾದಿಯ ಪತ್ರಿಕೆ ‘ಸನ್ಮಾನ್ಯ ಬಂಜರು ಪ್ರಭುಗಳಿಂದ ಹೊಸ ತೆರಿಗೆ’ ಎಂದು ಮುಖಪುಟದಲ್ಲೇ ಸಾರಿತು.

ಇದಕ್ಕೆಲ್ಲ ಕಾರಣ ಗಾಸೆಂನ ಕಾಫಿ ಅಂಗಡಿಯ ಒಂದು ಬೆಂಚು. ಕಿಟಕಿ ಪಕ್ಕದ ಆ ಬೆಂಚು ಜೈಲು ಕಂಡ ಪತ್ರಕರ್ತರಿಗೆ ಮೀಸಲು. ಊರಿನ ಸಂಪಾದಕರೆಲ್ಲ ಒಂದಲ್ಲ ಒಂದು ಸಲ ಒಳಗೆ ಹೋಗಿ ಬಂದು ಅಲ್ಲಿ ಕೂತವರೇ. ಹಮ್ಮಾದಿ ಮಾತ್ರ ವರ್ಷಗಟ್ಟಲೆ ದೊರೆಯನ್ನು ಬೈದರೂ, ಅವನ ಪಂಡಿತ ಭಾಷೆ ಯಾರಿಗೂ ಅರ್ಥವಾಗದೆ, ಬಾಗಿಲ ಬಳಿಯ ಮುಕ್ಕಾಲಿಯಲ್ಲೇ ಉಳಿದಿದ್ದ.

“ಸಿ ಹಮ್ಮಾದಿ, ಅಚ್ಚಿನ ತಪ್ಪು ಕಣ್ಣಿಗೆ ಬೀಳಲಿಲ್ವಾ?” ಎಂದ ಗಾಸೆಂ, ಹೆಸರಿಗೆ ‘ಸಿ’ ಎಂಬ ಗೌರವ ಸೇರಿಸಿ, ಕಾಫಿಗೆ ಹೂವಿನ ನೀರು ಹನಿಸುತ್ತ.

“ತಪ್ಪಲ್ಲ. ಬೇಕಂತ್ಲೇ ಹಾಕಿದ್ದು.”

“ನೀವಾ? ನಿಮ್ಮ ಪತ್ರಿಕೇಲಿ ಮೀನು ಕಟ್ಟಿದ್ರೆ ಮೀನಿಗೂ ನಿದ್ದೆ ಬರುತ್ತೆ.” ಅಂಗಡಿಯೆಲ್ಲ ನಕ್ಕಿತು.

ಹಮ್ಮಾದಿಯ ಚಿಕ್ಕಪ್ಪನ ಮಗ ಲಮೀನ್ ಓಡುತ್ತ ಬಂದ. ಅವರ ಪತ್ರಿಕೆ ಬಲದಿಂದ ತೆರೆದರೆ ಅರಬ್ಬಿ, ಎಡದಿಂದ ತೆರೆದರೆ ಫ್ರೆಂಚ್. ಫ್ರೆಂಚ್ ಭಾಗ ಲಮೀನನದು. ಹಡಗು ಬರುವ ಹೊತ್ತು, ಮದುವೆ ಸುದ್ದಿ, ಆಲಿವ್ ಧಾರಣೆ ಬಿಟ್ಟು ಅದರಲ್ಲಿ ಬೇರೇನೂ ಇರುತ್ತಿರಲಿಲ್ಲ. ಪೊಲೀಸರ ಸೈಕಲ್ಲಿಗೂ ಸಲಾಂ ಹೊಡೆಯುವ ಪ್ರಾಣಿ ಅವನು.

“ಅಣ್ಣ, ಅಚ್ಚಿನ ತಪ್ಪು ಅಂತ ಬರ್ಕೊಟ್ಬಿಡು, ಕೈ ಮುಗೀತೀನಿ.”

“ತಲೆ ಹೋದ್ರೂ ತಿದ್ದಲ್ಲ. ಅವನು ಬಂಜರೇ. ಮೂರು ಕಾಸಿನ ಉಪಕಾರ ಬೆಳೆದಿದ್ದಾನಾ ಈ ನೆಲದಲ್ಲಿ?”

ಮಧ್ಯಾಹ್ನ ಹಮ್ಮಾದಿ ಹೊಸ ಕೆಂಪು ಟೋಪಿ ಇಟ್ಟು, ಕಂಬಳಿ, ಹೆಂಡತಿ ಕಟ್ಟಿಕೊಟ್ಟ ಖಾರದ ರೊಟ್ಟಿ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಮುಕ್ಕಾಲಿಯಲ್ಲಿ ಮದುಮಗನ ಹಾಗೆ ಕಾಯುತ್ತ ಕೂತ. ಪೊಲೀಸ್ ವ್ಯಾನು ಬಂದೇ ಬಂತು. ಗಾಸೆಂ ನಗು ನಿಲ್ಲಿಸಿ ಕಿಟಕಿ ಪಕ್ಕದ ಬೆಂಚು ಒರೆಸತೊಡಗಿದ.

ಫ್ರಾನ್ಸಿನಿಂದ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರಿಗೆ ಅರಬ್ಬಿಯ ಮೊದಲಕ್ಷರ ಅಲಿಫ್ ಕೂಡ ಗೊತ್ತಿರಲಿಲ್ಲ. ಮುಖಪುಟದ ಸಂಪಾದಕನನ್ನು ಹಿಡಿದು ತರಬೇಕೆಂದು ಆಜ್ಞೆಯಾಗಿತ್ತು. ಅವನು ತನ್ನ ದೇಶದ ಅಭ್ಯಾಸದಂತೆ ಪತ್ರಿಕೆಯನ್ನು ಎಡದಿಂದ ಹಿಡಿದು ಅಲ್ಲಿದ್ದ ಸಂಪಾದಕನ ಹೆಸರು ಓದಿದ.

“ಲಮೀನ್ ಅಂದ್ರೆ ಯಾರು?”

“ಸ್ವಾಮಿ, ಅದು ಹಿಂದಿನ ಪುಟ,” ಎಂದು ಹಮ್ಮಾದಿ ಎದ್ದ. “ತಿರುಗಿಸಿ ನೋಡಿ. ಮುಖಪುಟ ಆ ಕಡೆ.”

“ಪತ್ರಿಕೆಗೆ ಎಷ್ಟು ಮುಖ ಇರುತ್ತಯ್ಯಾ?”

“ನಮ್ಮದಕ್ಕೆ ಎರಡು.”

“ಆಲಿವ್ ಧಾರಣೆ ಬಿದ್ದಿದೆ ಅಂತ ದಪ್ಪಕ್ಷರದಲ್ಲಿ ಹಾಕಿದಾನೆ. ಸರಕಾರದ ಮಾನ ಕಳೆಯೋಕೆ ಇನ್ನೇನು ಬೇಕು? ಹತ್ತಿಸಿ ಅವನನ್ನ.”

ಪಕ್ಕದಲ್ಲೇ ನಿಂತಿದ್ದ ಲಮೀನ್ ಗಡಗಡ ನಡುಗಿದ. ಅಷ್ಟರಲ್ಲಿ ಬೀದಿಯ ಜನ ಸೇರಿ ಅವನ ಹೆಸರು ಕೂಗತೊಡಗಿದರು. ಹುಟ್ಟಿದ ಮೇಲೆ ಯಾರೂ ಕೂಗದಿದ್ದ ಹೆಸರು ಅದು. ಅವನ ನಡುಕ ನಿಂತಿತು, ಬೆನ್ನು ನೆಟ್ಟಗಾಯಿತು.

“ನಾಳೆ ಇನ್ನೂ ಬೀಳುತ್ತೆ ಅಂತ ಬರೀತೀನಿ,” ಎಂದ ಇನ್‌ಸ್ಪೆಕ್ಟರಿಗೆ. “ಏನ್ಮಾಡ್ತೀರೋ ಮಾಡ್ಕೊಳ್ಳಿ.” ಹಾಗೆಂದು ಹಮ್ಮಾದಿಯ ಕೈಯಿಂದ ಚೀಲ ಕಿತ್ತುಕೊಂಡು ವ್ಯಾನು ಹತ್ತಿದ.

ಹಮ್ಮಾದಿ ವ್ಯಾನಿಗೆ ಅಡ್ಡ ನಿಂತ. “ದೊರೆನ ಬಂಜರು ಅಂದೋನು ನಾನು, ನಾನು ಕಣ್ರೀ.” ಪೊಲೀಸರು ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಗಾಸೆಂ ಕಣ್ಣೊರೆಸಿಕೊಂಡ. “ತಮ್ಮನನ್ನ ಬಿಡಿಸೋಕೆ ಅಚ್ಚಿನ ತಪ್ಪನ್ನೂ ಮೈಮೇಲೆ ಹಾಕ್ಕೋತಾರಲ್ಲ, ಎಂಥಾ ಮನುಷ್ಯ.”

ವ್ಯಾನಿನ ಕಿಟಕಿಯಿಂದ ಲಮೀನನ ತಲೆ ಹೊರಬಂತು. “ಅಣ್ಣ, ನಾಳೆ ಆಲಿವ್ ಧಾರಣೆ ನೀನೇ ಬರೀಬೇಕು, ಮರೀಬೇಡ.”

ಇಂಗು ತಿಂದ ಮಂಗನಂತೆ ನಿಂತಿದ್ದ ಹಮ್ಮಾದಿ ಸಾವರಿಸಿಕೊಂಡು ಟೋಪಿ ಸರಿಮಾಡಿಕೊಂಡ. “ನಾಳೆ ಎರಡೂ ಮುಖಕ್ಕೆ ಹಾಕ್ತೀನಿ ಬಂಜರು ಅಂತ. ಇರೋದ್ರಲ್ಲೇ ದೊಡ್ಡ ಅಕ್ಷರದಲ್ಲಿ. ಅದು ಹೇಗೆ ಹಿಡಿಯಲ್ವೋ ನೋಡ್ತೀನಿ.”

ಗಾಸೆಂ ಅವನ ಭುಜದ ಮೇಲೆ ಕೈಯಿಟ್ಟು ಮುಕ್ಕಾಲಿಯ ಕಡೆ ನಡೆಸಿದ.

“ಬೇಡ ಬಿಡಿ, ಸಿ ಹಮ್ಮಾದಿ. ಲಮೀನನ್ನ ನೋಡಿ ಕಾಪಿ ಹೊಡೆದ್ರು ಅಂತಾರೆ ಜನ.”