ಮೊಳೆಗೆ ನೇತುಹಾಕಿದ ತೋಳು

ಜನವರಿಯ ಮೊದಲ ಬೆಳಗು. ಕಿನಾಂಗೋಪ್ ಬೆಟ್ಟಸೀಮೆಯ ಹೊಲಗಳ ಮೇಲೆ ರಾತ್ರಿ ಬಿದ್ದ ಹಿಮ ಇನ್ನೂ ಕರಗಿರಲಿಲ್ಲ. ಹೊಸ ವರ್ಷವೆಂದು ಆಲೂಗಡ್ಡೆ ಕಾಯುವುದಿಲ್ಲ, ಹಸುವೂ ಕಾಯುವುದಿಲ್ಲ. ಕಮೋಥೊ ಹಾಲು ಕರೆದು ಬಂದವನೇ ಎಡಗೈಗೆ ತೊಟ್ಟಿದ್ದ ಸಾಸಿವೆ ಬಣ್ಣದ ಉಲ್ಲನ್ ತೋಳನ್ನು ಎಳೆದು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ. ಬರೀ ತೋಳು. ಅದರ ಸ್ವೆಟರು ಹೆಂಡತಿ ವಾಂಬುರಾಳ ಬುಟ್ಟಿಯಲ್ಲಿ ಇನ್ನೊಂದು ತೋಳಿಗಾಗಿ ವರ್ಷಗಳಿಂದ ಕಾದು ಕೂತಿತ್ತು.

ವಾಂಬುರಾಳಿಗೆ ಹೆಣಿಗೆ ಎಂದರೆ ಪ್ರಾಣ. ಮುಗಿಸುವುದೆಂದರೆ ಮಾತ್ರ ಪ್ರಾಣ ಹೋದ ಹಾಗೆ. ಜೊತೆಯಿಲ್ಲದ ಕಾಲುಚೀಲ, ನೆತ್ತಿಯಿಲ್ಲದ ಟೋಪಿ, ಎಲ್ಲವೂ ಅವಳ ಬುಟ್ಟಿಯಲ್ಲಿದ್ದವು. ಹಿಂದಿನ ರಾತ್ರಿ ಚರ್ಚಿನಲ್ಲಿ ಒಬ್ಬೊಬ್ಬರೂ ಎದ್ದು ಹೊಸ ವರ್ಷದ ಗುರಿ ಹೇಳಿದ್ದರು. ಒಬ್ಬ ಕುಡಿತ ಬಿಡುತ್ತೇನೆಂದ, ಇನ್ನೊಬ್ಬ ಹಸು ಕೊಳ್ಳುತ್ತೇನೆಂದ. ವಾಂಬುರಾ ಮಾತ್ರ ಮೈದುಂಬಿದವಳಂತೆ ಎದ್ದು, ಮೊದಲು ಗಂಡನ ಸ್ವೆಟರು, ಆಮೇಲೆ ಅತ್ತೆಗೆ ಶಾಲು, ಆಮೇಲೆ ಹಾಡುವವರಿಗೆಲ್ಲ ಟೋಪಿ, ಸ್ವೆಟರು ಮುಗಿಯುವ ತನಕ ಅಂಗಡಿಯ ಉಲ್ಲನ್ ಮುಟ್ಟುವುದಿಲ್ಲ ಎಂದಿದ್ದಳು.

ಮಗನ ಹೆಸರು ಹಿಡಿದು ಕರಿಯೂಕಿಯ ತಾಯಿ ಎಂದೇ ಎಲ್ಲರೂ ಕರೆಯುವ ಮಹಿಳಾ ಸಂಘದ ಅಧ್ಯಕ್ಷೆ ಮೆಲ್ಲಗೆ ಕೇಳಿದ್ದಳು: "ಸ್ವೆಟರು ಯಾವಾಗ ಮುಗಿಯುತ್ತೆ ಮಗಳೇ? ಲೋಕದ ಕೊನೆಗೆ ಕರ್ತನು ತಿರುಗಿ ಬರೋದ್ರೊಳಗಾ?"

"ನಾಳೆ ಹೊತ್ತು ಮುಳುಗೋದ್ರೊಳಗೆ. ಇಲ್ಲದಿದ್ರೆ ನನ್ನ ಕೆಂಪು ಹೇಂಟೆ ನಿಮ್ಮದು."

ದಿನಾ ಮೊಟ್ಟೆಯಿಡುತ್ತಿದ್ದ ಹೇಂಟೆ ಆಗ ನಿದ್ದೆಯಲ್ಲಿತ್ತು. ಅದರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಬೆಳಗಾದಾಗಲೂ ವಾಂಬುರಾಳಿಗೆ ಧೈರ್ಯವಿತ್ತು. ಎರಡನೆಯ ತೋಳು ಮೊಳಕೈವರೆಗೆ ಬಂದಿತ್ತು, ಉಲ್ಲನ್ ಉಂಡೆಯೂ ಸಾಕಷ್ಟಿತ್ತು. ಹೆಣಿಗೆಯನ್ನು ಅಂಗಳದಲ್ಲಿಟ್ಟು ಚಹಾಕ್ಕೆ ಹಾಲು ತರಲೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಮೇಕೆಯ ಬಾಯಲ್ಲಿ ದಾರ ಜೋತಾಡುತ್ತಿತ್ತು. ಅವಳು ಓಡಿದಳು, ಮೇಕೆ ಓಡಿತು, ಆಲೂಗಡ್ಡೆ ಅಗೆಯುತ್ತಿದ್ದವರೂ ಗುದ್ದಲಿ ಬಿಟ್ಟು ಓಡಿದರು. ಕೊನೆಗೆ ಕೈಗೆ ಸಿಕ್ಕಿದ್ದು ಎರಡು ಕಡ್ಡಿ, ಒಂದು ಹಿಡಿ ಎಂಜಲು.

ಊರಿನ ಅಂಗಡಿಯಲ್ಲಿ ಸಿಗುವುದು ಶಾಲೆಗಳ ಸಮವಸ್ತ್ರದ ಬಣ್ಣದ ಉಲ್ಲನ್ ಮಾತ್ರ. ಸಾಸಿವೆ ಬಣ್ಣವನ್ನು ಯಾವ ಶಾಲೆಯೂ ಒಪ್ಪಿರಲಿಲ್ಲ. ಸುದ್ದಿ ತಿಳಿದು ಓಣಿಯವರೆಲ್ಲ ತಮ್ಮಲ್ಲಿದ್ದ ಹಸಿರು, ನೀಲಿ ಉಂಡೆ ಹಿಡಿದು ಬಂದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆದರೆ ತೋಳಿನ ಬಣ್ಣ ಯಾರಿಗೂ ಕಾಣದು ಎಂದು ಒಬ್ಬಳು ಕಮೋಥೊಗೆ ನಡೆದೇ ತೋರಿಸಿದಳು. ಕರಿಯೂಕಿಯ ತಾಯಿ ಅಂಗಳದಲ್ಲಿ ಚಹಾ ಕುಡಿಯುತ್ತ ಹೇಂಟೆಗೆ ಜೋಳದ ಕಾಳು ಎಸೆಯುತ್ತಿದ್ದಳು.

"ಅದಕ್ಕೆ ಆಗಲೇ ಕಾಳು ಹಾಕಿದೀನಿ," ಎಂದಳು ವಾಂಬುರಾ.

"ಪರಿಚಯ ಆಗ್ಲಿ ಅಂತ, ಅಷ್ಟೇ."

ಅಷ್ಟರಲ್ಲಿ ಕಣ್ಣು ಮಂಜಾದ ಅತ್ತೆ ಗೋಡೆ ಸವರಿಕೊಂಡು ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಬೆಚ್ಚಗಿನ ಉಂಡೆ. "ಇಕೋ ಮಗಳೇ, ಬಣ್ಣ ಇದೇ ಅಲ್ವಾ?"

ಅದೇ ಸಾಸಿವೆ. ಎಳೆ ಕೊಂಚ ಅಲೆಅಲೆಯಾಗಿತ್ತು, ಹಾಲಿನ ವಾಸನೆಯಿತ್ತು. ಎಲ್ಲಿಂದ ಬಂತೆಂದು ಕೇಳುತ್ತ ಕೂರಲು ಹೊತ್ತೆಲ್ಲಿ? ವಾಂಬುರಾಳ ಕಡ್ಡಿಗಳು ಜಗಳಕ್ಕೆ ಬಿದ್ದ ಗುಬ್ಬಿಗಳಂತೆ ಚಟಚಟಿಸಿದವು. ಊಟವನ್ನೂ ಅತ್ತೆಯೇ ತುತ್ತು ಮಾಡಿ ಬಾಯಿಗಿಟ್ಟಳು. ಸೂರ್ಯ ಕಣಿವೆಯಂಚಿಗೆ ಬರುವಾಗ ಕೊನೆಯ ಕುಣಿಕೆ ಬಿಗಿಯಿತು. ಹೆಂಗಸರು ಸಂಭ್ರಮದಿಂದ ನಾಲಿಗೆ ಹೊರಳಿಸಿ ಲುಲುಲು ಎಂದು ಕೂಗಿದರು. ಕರಿಯೂಕಿಯ ತಾಯಿ ಹೇಂಟೆಯತ್ತ ಒಮ್ಮೆ ನೋಡಿ ನಿಟ್ಟುಸಿರಿಟ್ಟು ಎದ್ದಳು.

ಇನ್ನು ಎರಡೂ ತೋಳುಗಳನ್ನು ಸ್ವೆಟರಿನ ಮೈಗೆ ಹೊಲಿದರೆ ಆಯಿತು.

"ರೀ, ಮೊಳೆ ಮೇಲಿರೋ ತೋಳು ತನ್ನಿ."

ಕಮೋಥೊ ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಬಂದ. "ಮೊಳೆ ಇದೆ," ಎಂದ.

ಅತ್ತೆಯ ಮುಖ ಅರಳಿತು. "ಒಲೆ ಹತ್ರ ಇದ್ದ ಸಗಣಿ ವಾಸನೆ ಚೀಲವಾ? ಅದನ್ನೇ ಅಲ್ವೇನಮ್ಮ ಬಿಚ್ಚಿದ್ದು. ತೊಳೆದು, ಕೆಟಲಿನ ಹಬೆಗೆ ಹಿಡಿದು ಸುತ್ತಿದೆ. ಎಳೆಯ ಸೊಟ್ಟ ಎಲ್ಲಾ ಹೋಯ್ತಾ?"

ಕೊಟ್ಟಿಗೆಯಲ್ಲಿ ಹಸು ಕೂಗಿತು. ಕಮೋಥೊ ಹೊಸ ತೋಳನ್ನು ಎತ್ತಿ ಎಡಗೈಗೆ ಏರಿಸಿಕೊಂಡ, ಮುಷ್ಟಿ ಮಡಚಿ ಬಿಚ್ಚಿ ನೋಡಿದ. "ಹಳೇದಕ್ಕಿಂತ ಬಿಗಿಯಾಗಿದೆ," ಎಂದು ಮೆಚ್ಚಿ, ಹಾಲಿನ ಕ್ಯಾನು ಹಿಡಿದು ಹೊರಟ.

ಕರಿಯೂಕಿಯ ತಾಯಿ ಬಗ್ಗಿ ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡಳು. ಪರಿಚಯವಾಗಿದ್ದರಿಂದ ಅದು ಕೊಕ್ ಎನ್ನಲೂ ಇಲ್ಲ.