ಸಿಡಿಲವೀರನ ಅವ್ವನ ಪಾಲು

ಮದ್ದೂರಿನ ಪಕ್ಕದ ಗೆಜ್ಜಲಗೆರೆ ಕೈಗಾರಿಕಾ ಪ್ರದೇಶದಲ್ಲಿರುವ ಮಿನುಗುತಾರೆ ಆಟಿಕೆ ಕಾರ್ಖಾನೆಯಲ್ಲಿ ತಯಾರಾಗುವ ಸಿಡಿಲವೀರ ಎಂಬ ಪ್ಲಾಸ್ಟಿಕ್ ಗೊಂಬೆಯ ಬಲಗೈ, ಕೊಂಡ ಒಂದು ತಿಂಗಳೊಳಗೆ ಭುಜದ ಬಳಿ ಮುರಿಯತಕ್ಕದ್ದು. ಇದು ದೋಷವಲ್ಲ, ಸಂಸ್ಥೆಯ ನೀತಿ. ಮುರಿಯದ ಕೈಯಿಂದ ಮಗುವೊಂದಕ್ಕೆ ಮಾತ್ರ ಲಾಭ. ಮುರಿದ ಕೈಯಿಂದ ಅಂಗಡಿಯವನಿಗೆ, ಲಾರಿಯವನಿಗೆ, ಕಾರ್ಖಾನೆಗೆ, ಕೊನೆಗೆ ದೇಶಕ್ಕೇ ಲಾಭ ಎಂದು ಜನರಲ್ ಮ್ಯಾನೇಜರ್ ಕನಕರಾಜು ಪ್ರತಿ ಸ್ವಾತಂತ್ರ್ಯ ದಿನದ ಭಾಷಣದಲ್ಲೂ ತಪ್ಪದೆ ಹೇಳುತ್ತಿದ್ದರು. ಕೈ ಮುರಿಯಬೇಕಾದರೆ ಸಿಡಿಲವೀರ ಯಾರಿಗಾದರೂ ಹೊಡೆಯಬೇಕು. ಅದಕ್ಕಾಗಿ ಕಡುಗತ್ತಲ ಎಂಬ ಶತ್ರುವನ್ನೂ ಅದೇ ಕಾರ್ಖಾನೆ, ಪಕ್ಕದ ಅಚ್ಚಿನಲ್ಲೇ ತಯಾರಿಸಿ ಕೊಡುತ್ತಿತ್ತು.

ಇವರಿಬ್ಬರೂ ಯಾಕೆ ಹೊಡೆದಾಡುತ್ತಾರೆ ಎಂಬುದನ್ನು ಡಬ್ಬಿಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆಯುವುದು ಬಿಂದುಶ್ರೀಯ ಕೆಲಸ. ಮಳವಳ್ಳಿ ತಾಲ್ಲೂಕು ಪೂರಿಗಾಲಿಯ ಹುಡುಗಿ, ಕನ್ನಡದಲ್ಲಿ ಎಂ.ಎ. ಮಾಡಿ, ಡಬ್ಬಿಗೆ ಮುಚ್ಚಳ ಹಾಕುವ ಕೆಲಸಕ್ಕೆ ಸೇರಿದವಳು. ಎಂ.ಎ. ಎಂಬ ಸಂಗತಿ ಹೇಗೋ ಬಯಲಾದ ಮೇಲೆ, ಸಂಬಳವನ್ನು ಹಾಗೇ ಉಳಿಸಿಕೊಂಡು ಪದನಾಮವನ್ನು ಮಾತ್ರ ಬದಲಿಸಿ, 'ಕಥಾ ಸಹಾಯಕಿ, ಗುತ್ತಿಗೆ' ಎಂದು ಮಾಡಲಾಗಿತ್ತು. ಗುತ್ತಿಗೆ ವರ್ಷಕ್ಕೊಮ್ಮೆ ಮುಗಿಯುತ್ತಿತ್ತು. ಮುಗಿಯುವ ತಿಂಗಳಲ್ಲಿ ಅವಳಿಗೆ ಮುದ್ದೆ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಈ ಲೋಕದಲ್ಲಿ ಅವಳಿಗೆ ಬೇಕಾಗಿದ್ದದ್ದು ಖಾಯಂ ಎಂಬ ಒಂದೇ ಪದ. ನೂರಾರು ಪದ ಬರೆಯುವವಳಿಗೆ ಆ ಒಂದು ಪದವನ್ನು ಬರೆದುಕೊಡುವವರು ಯಾರೂ ಇರಲಿಲ್ಲ.

ಗೊಂಬೆಗಳಿಗೆ ಅಭಿಮಾನಿಗಳು ಹುಟ್ಟಿಕೊಂಡಾಗ ಕಾರ್ಖಾನೆಯು ಭಾನುವಾರದ 'ಕಥಾ ಸಂಶಯ ನಿವಾರಣಾ ಸಭೆ'ಗಳನ್ನು ಆರಂಭಿಸಿತು. ಮೊದಲ ಸಭೆ ಮಂಡ್ಯದ ಒಂದು ಸಮುದಾಯ ಭವನದಲ್ಲಿ ನಡೆಯಿತು. ಸಭೆ ಮಕ್ಕಳಿಗೆಂದು ಪ್ರಕಟಣೆಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದರಿಂದ ಅಪ್ಪಂದಿರು, ತಾತಂದಿರು ತುಂಬಿಹೋಗಿದ್ದರು. ಮಕ್ಕಳು ಹೊರಗೆ ವಡೆ ತಿನ್ನುತ್ತಿದ್ದರು. ಅಭಿಮಾನಿಗಳ ಸಂಘದ ಅಧ್ಯಕ್ಷರಾದ ಬಸರಾಳಿನ ಅಂಕಯ್ಯ ಮುಂದಿನ ಸಾಲಿನಲ್ಲಿದ್ದರು. ಮೊಮ್ಮಗನಿಗೆಂದು ಕೊಂಡ ಗೊಂಬೆಯನ್ನು ಮೊಮ್ಮಗ ಮುಟ್ಟದಂತೆ ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟವರು ಅವರು. ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವ ಪ್ರಶ್ನೆಯನ್ನೇ ಅವರು ಎದ್ದುನಿಂತು ಕೇಳಿದರು.

"ಅವ್ವಾ, ಡಬ್ಬಿ ಮ್ಯಾಲೆ 'ಜೋರಾನ್ ಗ್ರಹದ ವೀರ' ಅಂತ ಬರ್ದಿದೀರಿ. ಗ್ರಹ ಸರಿ. ಊರು ಯಾವುದು?"

"ಗ್ರಹವೇ ಊರು, ಸಾರ್."

"ಅದೆಂಗವ್ವ? ಮಂಡ್ಯ ಜಿಲ್ಲೆಯೇ ನನ್ನೂರು ಅಂತ ಯೋಳ್ಕಂಡು ಓದ್ರೆ ಯಾರಾದ್ರೂ ಎಣ್ಣು ಕೊಡ್ತಾರಾ? ಓಗ್ಲಿ ಬುಡು. ಯಾರ ಪೈಕಿ ಅವ್ನು? ಅವರವ್ವನ ತವರು ಯಾವುದು? ಸೋದರಮಾವ ಯಾರು?"

ಸಭೆ 'ಹೌದಲ್ವಾ' ಎಂದು ತಲೆಯಾಡಿಸಿತು. ಬಿಂದುಶ್ರೀ ಗಡಿಯಾರ ನೋಡಿದಳು. ಮಳವಳ್ಳಿ ಬಸ್ಸು ಹೊರಡುವ ಹೊತ್ತು. ಆ ಬಸ್ಸು ತಪ್ಪಿದರೆ ಮುಂದಿನದರಲ್ಲಿ ನಿಂತೇ ಹೋಗಬೇಕು. ಕಾರ್ಖಾನೆಯಲ್ಲಿ ಇದ್ದದ್ದು ಎರಡೇ ಅಚ್ಚು. ಒಂದು ಸಿಡಿಲವೀರನದು, ಇನ್ನೊಂದು ಬೇರೆಯವನದು. ಅವಳಿಗೆ ಬೇರೆ ಹೆಸರು ತಕ್ಷಣಕ್ಕೆ ಹೊಳೆಯಲಿಲ್ಲ.

"ಕಡುಗತ್ತಲನೇ ಸೋದರಮಾವ" ಎಂದು ಹೇಳಿ ಬ್ಯಾಗು ತೆಗೆದುಕೊಂಡಳು.

ಅಂಕಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಅಂದ್ರೆ ಇಷ್ಟು ದಿನ ನಮ್ಮ ಐಕ್ಳ ಕೈಲಿ ಸೋದರಮಾವನ್ಗೆ ಒಡುಸ್ತಿದ್ವಾ? ಸಿವಸಿವಾ!"

ಮಾರನೆಯ ದಿನ ಸಂಘದ ಪ್ರಕಟಣೆ ಹೊರಬಿತ್ತು. ಸೋದರಮಾವನೆಂದರೆ ತೊಡೆಯ ಮೇಲೆ ಕೂರಿಸಿಕೊಂಡು ಮುಡಿ ತೆಗೆಸಿ ಕಿವಿ ಚುಚ್ಚಿಸುವವನಾದ್ದರಿಂದ, ಅಳಿಯನು ಅವನ ಮೇಲೆ ಕೈ ಮಾಡುವುದು ನಮ್ಮ ಸೀಮೆಯ ಪದ್ಧತಿಯಲ್ಲಿ ಇಲ್ಲ. ಈ ಕ್ಷಣದಿಂದ ಹೊಡೆದಾಟ ನಿಷೇಧಿಸಲಾಗಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳು ಪ್ರಕಟಣೆಯನ್ನು ಪಾಲಿಸಿದವು. ಸಿಡಿಲವೀರನನ್ನು ಕಡುಗತ್ತಲನ ತೊಡೆಯ ಮೇಲೆ ಕೂರಿಸಿ, ಕಾಯಿಸಿದ ಸೂಜಿಯಿಂದ ಪ್ಲಾಸ್ಟಿಕ್ಕಿನ ಕಿವಿ ಚುಚ್ಚಲಾಯಿತು. ಕೆಲವು ಮನೆಗಳಲ್ಲಿ ನಂಟರಿಷ್ಟರಿಗೆ ಊಟವನ್ನೂ ಹಾಕಿಸಿದರು. ಮಂಡ್ಯದ ಒಬ್ಬ ಆಚಾರಿ ಗೊಂಬೆಯ ಕಿವಿಗೆಂದೇ ಜೋಳದ ಕಾಳಿಗಿಂತ ಸಣ್ಣ ಒಂಟಿಗಳನ್ನು ಮಾಡಿ ಮಾರತೊಡಗಿದ.

ಕೈಗಳು ಮುರಿಯುವುದು ನಿಂತಿತು. ಕಾರ್ಖಾನೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಗಿರಾಕಿಗಳೆಲ್ಲರೂ ಪೂರ್ಣ ತೃಪ್ತರಾದರು. ಕನಕರಾಜು ತುರ್ತು ಸಭೆ ಕರೆದರು.

"ನೋಡಮ್ಮ, ಈ ನಂಟಸ್ತನ ಕ್ಯಾನ್ಸಲ್ ಮಾಡು. ಮುದ್ರಣ ದೋಷ ಅಂದ್ಬಿಡು."

"ನಾನು ಬಾಯಲ್ಲಿ ಹೇಳಿದ್ದು, ಸಾರ್."

"ಹಾಗಾದ್ರೆ ಬಾಯಿಯ ಮುದ್ರಣ ದೋಷ."

ಮದ್ದೂರಿನ ಸಭೆಯಲ್ಲಿ ಅವಳು ಇದನ್ನೇ ನಿವೇದಿಸಿಕೊಂಡಳು. ಅಂಕಯ್ಯ ಮರುಕದಿಂದ ನೋಡಿದರು. "ನಾಕು ಜನದ ಮುಂದೆ ಆಡಿದ್ ನಂಟು ಕಣವ್ವ. ಅದೇನು ಕರೆಂಟಾ, ತಗುದ್ರೆ ಓಗಕೆ? ಅದೂ ಅಲ್ದೆ ಕಿವಿ ಬ್ಯಾರೆ ಚುಚ್ಚಾಗೈತೆ. ತೂತ ಮುಚ್ಚೀಯಾ?" ಮಾರನೆಯ ದಿನ ಅವಳು ಕಾರ್ಖಾನೆಯಲ್ಲಿ ಇದನ್ನೇ ವರದಿ ಮಾಡಿದಳು. ದೀಪಾವಳಿಯೊಳಗೆ ಕೈಗಳು ಮತ್ತೆ ಮುರಿಯಲು ಶುರುವಾಗದಿದ್ದರೆ ಕಥಾ ವಿಭಾಗವನ್ನೇ ಮುಚ್ಚಲಾಗುವುದೆಂದು ಕನಕರಾಜು ತಿಳಿಸಿದರು. ಕಥಾ ವಿಭಾಗವೆಂದರೆ ಒಂದು ಕುರ್ಚಿ ಮತ್ತು ಬಿಂದುಶ್ರೀ. ಕುರ್ಚಿಯನ್ನು ಬೇರೆ ವಿಭಾಗಕ್ಕೆ ಕೊಡುವುದೆಂದು ಆಗಲೇ ತೀರ್ಮಾನವಾಗಿತ್ತು. ಬಸ್ಸಿನಲ್ಲಿ ಮಳವಳ್ಳಿಯವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು. ತಾನು ಹೇಳಿದ ಒಂದು ಮಾತು ತನ್ನ ಅನ್ನಕ್ಕೇ ಕಲ್ಲು ಹಾಕಿತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂದಿತ್ತು.

ಮನೆಯಲ್ಲಿ ತಾಯಿ ಕಾಮಾಕ್ಷಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ಮಗಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಇಷ್ಟಕ್ಕೆಲ್ಲ ಅಳುತ್ತಾರಾ ಎಂಬಂತೆ ನೋಡಿದರು.

"ಸೋದರಮಾವನ್ ಮ್ಯಾಲೆ ಅಳಿಯ ಕೈ ಮಾಡಕಿಲ್ವಾ? ಯಾರವ್ವ ಅಂಗಂದೋರು? ಅವರವ್ವನ ಪಾಲು ಕೊಡು ಅಂತ ಒಂದ್ಸಲ ಕೇಳ್ಳಿ. ಆಮ್ಯಾಕೆ ನೋಡು, ಯಾರ ಕೈ ಎಲ್ಲಿರ್ತದೆ ಅಂತ."

ಕಾನೂನಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಉಂಟು. ಪದ್ಧತಿಯಲ್ಲಿ ಅವರು ಅಣ್ಣತಮ್ಮಂದಿರಿಗೆ ಸಹಿ ಹಾಕಿಕೊಟ್ಟು, ಅರಿಸಿನ ಕುಂಕುಮ ಇಸಿದುಕೊಂಡು, ನಗುತ್ತಾ ಬರತಕ್ಕದ್ದು. ನಗದೆ ಬಂದವರ ಮನೆಗೆ ಆಮೇಲೆ ತವರಿನವರು ಬರುವುದಿಲ್ಲ. ಕಾಮಾಕ್ಷಮ್ಮ ನಗುತ್ತಲೇ ಬಂದಿದ್ದರು.

ಹೊಸ ಡಬ್ಬಿಗಳು ಹಬ್ಬಕ್ಕೆ ಮುಂಚೆ ಅಂಗಡಿ ಸೇರಿದವು. ಹಿಂಬದಿಯ ನಾಲ್ಕು ಸಾಲು ಹೀಗಿತ್ತು: 'ಜೋರಾನ್ ಗ್ರಹದ ಎಡದಂಡೆ ನಾಲೆಯ ಬಯಲಿನಲ್ಲಿ, ತನ್ನ ತಾಯಿಗೆ ನ್ಯಾಯವಾಗಿ ಬರಬೇಕಾದ ಪಾಲನ್ನು ಕೊಡದೆ ಸತಾಯಿಸುತ್ತಿರುವ ಸೋದರಮಾವ ಕಡುಗತ್ತಲನ ವಿರುದ್ಧ ಸಿಡಿಲವೀರನ ಘೋರ ಸಮರ!' ಮಳವಳ್ಳಿಯ ಸಭೆಯಲ್ಲಿ ಅಂಕಯ್ಯ ಅದನ್ನು ಗಟ್ಟಿಯಾಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

"ಪಾಲಿನ ಇಚಾರವಾ?" ಎಂದರು. "ಮೊದ್ಲೇ ಯೋಳ್ಬಾರ್ದಾ ತಾಯಿ? ಅಂಗಾರೆ ಒಡೀಬೌದು."

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಆ ವಾರವೇ ಮೂರೂ ತಾಲ್ಲೂಕುಗಳಲ್ಲಿ ಪಟಪಟನೆ ಕೈಗಳು ಮುರಿದವು. ಮಕ್ಕಳಿಲ್ಲದ ಮನೆಗಳಲ್ಲೂ ಮುರಿದವು. ಹಬ್ಬಕ್ಕೆ ತವರಿಗೆ ಹೋಗಿ ಬಂದ ಹೆಣ್ಣುಮಕ್ಕಳು ಅಂಗಡಿಯ ಮುಂದೆ ಸಾಲು ನಿಂತು ಕಡುಗತ್ತಲನನ್ನು ಮಾತ್ರ ಬಿಡಿಯಾಗಿ ಕೊಂಡುಕೊಂಡರು. ಕೆಲವರು ಮನೆಗೆ ಹೋಗುವವರೆಗೂ ಕಾಯಲಿಲ್ಲ.

ಆದರೆ ಪಾಲು ಎಂದಮೇಲೆ ಪ್ರಶ್ನೆಗಳು ಬರುವುದು ಸಹಜ. ಜಮೀನು ಖುಷ್ಕಿಯೋ ತರಿಯೋ? ಸರ್ವೆ ನಂಬರು ಎಷ್ಟು? ಪಿತ್ರಾರ್ಜಿತವೋ ಸ್ವಯಾರ್ಜಿತವೋ? ಸಿಡಿಲವೀರನ ಅವ್ವ ಸಹಿ ಹಾಕಿಕೊಟ್ಟಿದ್ದಳೋ ಇಲ್ಲವೋ? ಹಾಕಿದ್ದರೆ ಓದಿ ಹಾಕಿದಳೋ? ಬಿಂದುಶ್ರೀ ತನಗೆ ತೋಚಿದಂತೆ ಉತ್ತರಿಸುತ್ತಾ ಹೋದಳು. ಒಂದೊಂದು ಉತ್ತರಕ್ಕೂ ಕನಕರಾಜು ಒಂದೊಂದು ಅಚ್ಚು ಮಾಡಿಸಿದರು. ಸರಪಳಿ ಹಿಡಿದ ಸರ್ವೇಯರು ಬಂದ. ಪೆನ್ನನ್ನು ಬೇರೆಯಾಗಿ ಕೊಳ್ಳಬೇಕಾದ ಗ್ರಾಮ ಲೆಕ್ಕಿಗ ಬಂದ. ಎರಡೂ ಕಡೆಗೆ ತಲೆ ತಿರುಗುವ ಸಾಕ್ಷಿಗಳು ಜೋಡಿಯಾಗಿ ಬಂದರು. ಕಪ್ಪು ಕೋಟಿನ ವಕೀಲರು ಬಂದರು. ಅವರ ಕೈ ಮುರಿಯುತ್ತಿರಲಿಲ್ಲ, ಚಾಚಿಕೊಂಡೇ ಇರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಕನಕರಾಜು ಅವಳನ್ನು ಕರೆಸಿದರು. "ಸಾಕಮ್ಮ, ಯುಗಾದಿಗೆ ಕಥೆ ಮುಗಿಸಿಬಿಡು. ಆಮೇಲೆ ಮಾತಾಡುವ ರೋಬೋ ಬಿಡ್ತಿದ್ದೀವಿ. ಅದರ ಕಥೆ ಅದೇ ಹೇಳ್ಕೊಳ್ಳುತ್ತೆ." ಅವಳ ಗುತ್ತಿಗೆಯೂ ಯುಗಾದಿಗೇ ಮುಗಿಯುತ್ತಿತ್ತು. ತನ್ನ ನೌಕರಿಯ ಕೊನೆಯ ನಾಲ್ಕು ಸಾಲನ್ನು ಬಿಂದುಶ್ರೀ ಮನಸಾರೆ ಬರೆದಳು. ಕಡುಗತ್ತಲ ಸೋಲುತ್ತಾನೆ, ಸಿಡಿಲವೀರನ ಅವ್ವ ತನ್ನ ಪಾಲಿನ ಗದ್ದೆಗೆ ಇಳಿದು ತನ್ನ ಕೈಯಾರೆ ಪೈರು ನೆಡುತ್ತಾಳೆ. ಬರೆದು ಮುಗಿಸಿದಾಗ ಕೆಲಸ ಹೋಗುವ ದುಃಖದ ನಡುವೆಯೂ ಅವಳಿಗೆ ನಿಜವಾದ ಸಂತೋಷವಾಯಿತು. ಇಷ್ಟು ವರ್ಷದಲ್ಲಿ ತಾನು ಬರೆದ ಒಂದು ವಾಕ್ಯ ತನಗೇ ಇಷ್ಟವಾದದ್ದು ಅದೇ ಮೊದಲು.

ಅದು ಅಚ್ಚಾಗಲಿಲ್ಲ. ಸಂಘದ ಸದಸ್ಯೆಯೂ ಮಂಡ್ಯದಲ್ಲಿ ವಕೀಲೆಯೂ ಆದ ಅರ್ಪಿತ, ಅದನ್ನು ಭಾನುವಾರದ ಸಭೆಯಲ್ಲಿ ಓದಿದೊಡನೆ ಕಡುಗತ್ತಲನ ಅಭಿಮಾನಿಗಳ ಪರವಾಗಿ ತಕರಾರು ಎತ್ತಿದಳು. ಅಕ್ಕತಂಗಿಯರಿಗೆ ಪಾಲು ಕೊಡದ ಅಣ್ಣತಮ್ಮಂದಿರೆಲ್ಲ ಕಡುಗತ್ತಲನ ಅಭಿಮಾನಿಗಳಾಗಿದ್ದರಿಂದ ಆ ಬಣ ಬಹಳ ದೊಡ್ಡದಾಗಿತ್ತು.

"ವ್ಯಾಜ್ಯ ನಡೀತಿರುವಾಗ ಕಥೆಗಾರ್ತಿಯೇ ತೀರ್ಪು ಕೊಡೋದು ಎಲ್ಲಿಯ ನ್ಯಾಯ?" ಎಂದು ಅರ್ಪಿತ ಕೇಳಿದಳು. "ಇವರು ಮೊದಲಿನಿಂದಲೂ ಸಿಡಿಲವೀರನ ಪಕ್ಷಪಾತಿ. ಡಬ್ಬಿ ಮೇಲೆ ಅವನ ಹೆಸರನ್ನೇ ದೊಡ್ಡದಾಗಿ ಹಾಕಿದ್ದಾರೆ."

"ಕಥೆ ನಾನೇ ಬರೆದದ್ದಲ್ವಾ, ಮೇಡಂ?" ಎಂದಳು ಬಿಂದುಶ್ರೀ.

"ಅದಕ್ಕೇ ನೀವು ಇದರಲ್ಲಿ ಹಿತಾಸಕ್ತಿ ಇರುವವರು ಅಂತ ನಾನು ಹೇಳ್ತಿರೋದು."

ಅಂಕಯ್ಯನವರ ಅಧ್ಯಕ್ಷತೆಯಲ್ಲಿ ಒಂದು ನ್ಯಾಯಮಂಡಳಿ ಸ್ಥಾಪನೆಯಾಗಿ, ಮುಕ್ತಾಯಕ್ಕೆ ತಡೆಯಾಜ್ಞೆ ಹೊರಟಿತು. ಅದರ ಪ್ರಕಾರ ವ್ಯಾಜ್ಯ ಇತ್ಯರ್ಥವಾಗುವವರೆಗೆ ಎರಡೂ ಗೊಂಬೆಗಳು ಯಥಾಸ್ಥಿತಿ ಕಾಪಾಡತಕ್ಕದ್ದು. ಎತ್ತಿದ ಕೈ ಎತ್ತಿದಂತೆಯೇ ಇರತಕ್ಕದ್ದು. ವಿಚಾರಣೆ ಪ್ರತಿ ಭಾನುವಾರ, ಸರದಿಯ ಮೇಲೆ ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯಲ್ಲಿ. ಪ್ರತಿ ವಾಯಿದೆಗೂ ಮಕ್ಕಳು ಸಾಕ್ಷಿಗಳನ್ನು ಹೊಸದಾಗಿ ಕೊಂಡು ತರಬೇಕು. ಹಳೆಯ ಸಾಕ್ಷಿಗಳನ್ನು ಎದುರು ಪಕ್ಷದವರು ಒಲಿಸಿಕೊಂಡಿರುವ ಸಂಭವವಿದೆ. ಕನಕರಾಜು ಲೆಕ್ಕ ಹಾಕಿ ನೋಡಿದರು. ಹೊಡೆದಾಟಕ್ಕಿಂತ ವ್ಯಾಜ್ಯದಲ್ಲಿ ಲಾಭ ಹೆಚ್ಚು ಎಂಬ, ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅವರಿಗೂ ಗೊತ್ತಾಯಿತು. ರೋಬೋಗಳನ್ನು ಗೋದಾಮಿಗೆ ಕಳುಹಿಸಲಾಯಿತು.

ಯುಗಾದಿಯ ಹಿಂದಿನ ದಿನ ಬಿಂದುಶ್ರೀಯ ಕೈಗೆ ಆದೇಶ ಬಂತು: 'ಸಿಡಿಲವೀರನ ತಾಯಿ ಶ್ರೀಮತಿ ಜೋರಾನ್ ಅವರ ಪಾಲಿನ ವ್ಯಾಜ್ಯವು ಅಂತಿಮವಾಗಿ ಇತ್ಯರ್ಥವಾಗುವವರೆಗೆ ಕುಮಾರಿ ಬಿಂದುಶ್ರೀಯವರನ್ನು ಕಥಾಧಿಕಾರಿಯಾಗಿ ಸೇವೆಯಲ್ಲಿ ಮುಂದುವರಿಸಲಾಗಿದೆ.' ಅವಳು ಆದೇಶವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಖಾಯಂ ಎಂಬ ಪದ ಎಲ್ಲೂ ಇರಲಿಲ್ಲ. ಮನೆಗೆ ಬಂದು ಸಪ್ಪೆ ಮುಖ ಮಾಡಿಕೊಂಡು ಕೂತಳು.

"ಪಾಲಿನ ಕೇಸು ಮುಗಿಯೋಗಂಟ ಅಂತ ಬರ್ದವ್ರಾ?" ಎಂದು ಕಾಮಾಕ್ಷಮ್ಮ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. "ಅಯ್ಯೋ ಪೆದ್ದಮ್ಮಣ್ಣಿ, ಇದು ಖಾಯಂಗಿಂತ ಗಟ್ಟಿ ಕಣವ್ವ! ಖಾಯಂನೋರು ಅರವತ್ಕೆ ಮನೆಗೋಯ್ತಾರೆ. ನಿಂಗೆ ಅದೂ ಇಲ್ಲ." ಅವರು ಅಕ್ಕಪಕ್ಕದ ಮನೆಗಳಿಗೆಲ್ಲ ಒಬ್ಬಟ್ಟು ಹಂಚಿದರು. ಬಿಂದುಶ್ರೀ ತನ್ನ ಮುಕ್ತಾಯವನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟಳು. ಆ ರಾತ್ರಿ ಎರಡು ಮುದ್ದೆ ಉಂಡಳು.

ಹಬ್ಬ ಕಳೆದ ಮೊದಲ ಭಾನುವಾರ ಮಳವಳ್ಳಿಯಲ್ಲಿ ವಾಯಿದೆ ಇತ್ತು. ಮಗಳು ಅಧಿಕಾರಿಯಾದದ್ದನ್ನು ಕಣ್ಣಾರೆ ನೋಡಲು ಕಾಮಾಕ್ಷಮ್ಮನೂ ಬಂದರು. ಮೇಜಿನ ಮೇಲೆ ಗೊಂಬೆಗಳನ್ನು ಕ್ರಮವಾಗಿ ಜೋಡಿಸಲಾಗಿತ್ತು. ಸಿಡಿಲವೀರ, ಕಡುಗತ್ತಲ, ಸರ್ವೇಯರು, ಲೆಕ್ಕಿಗ, ವಕೀಲರು, ಸಾಕ್ಷಿಗಳು, ಕೊನೆಯಲ್ಲಿ ಹೊಸದಾಗಿ ಬಂದ ಟೀ ಹುಡುಗ. ಕಾಮಾಕ್ಷಮ್ಮ ಹತ್ತಿರ ಹೋಗಿ ಬಗ್ಗಿ ಒಂದೊಂದನ್ನೇ ನೋಡಿದರು.

"ಎಲ್ಲಾರೂ ಅವ್ರೆ. ಪಾಲಿರೋದು ಅವರವ್ವಂದಲ್ವಾ? ಅವಳ ಗೊಂಬೆ ಎಲ್ಲೈತೆ?"

ಅವ್ವನಿಗೆ ಕಾರ್ಖಾನೆಯಲ್ಲಿ ಅಚ್ಚೇ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಅರ್ಪಿತ ಕಾಗದ ಮಗುಚಿದಳು. ಮಾರಾಟ ನೋಡಲು ಬಂದಿದ್ದ ಕನಕರಾಜು ಬಿಂದುಶ್ರೀಯನ್ನು ನೋಡಿದರು. ಟ್ರಂಕಿನ ತಳದಲ್ಲಿಟ್ಟ ಸಾಲು ಅವಳ ಬಾಯಿಗೆ ಬಂದಿತ್ತು. ಅದನ್ನು ಅಂದುಬಿಟ್ಟರೆ ವ್ಯಾಜ್ಯವೂ, ಅದರೊಂದಿಗೆ ಅವಳ ನೌಕರಿಯೂ ಇವತ್ತೇ ಮುಗಿದುಹೋಗುವಂತಿತ್ತು. ಅಷ್ಟರಲ್ಲಿ ಅಂಕಯ್ಯ ಎದ್ದುನಿಂತು, ಹಿರಿಯರು ತಿಳಿಹೇಳುವ ಸಮಾಧಾನದ ದನಿಯಲ್ಲಿ ಹೇಳಿದರು:

"ಅಲ್ಲ ಕಣಮ್ಮ, ಪಾಲಿನ ಇಚಾರದಲ್ಲಿ ಎಂಗಸ್ರನ್ನ ಯಾಕೆ ಎಳ್ದು ತರ್ತೀಯಾ?"

ಮಾತು ನ್ಯಾಯವಾಗಿತ್ತೆಂದು ಎಲ್ಲರಿಗೂ ಅನ್ನಿಸಿತು. "ಅದೂ ಸರಿಯೇ ಬುಡು" ಎಂದು ಕಾಮಾಕ್ಷಮ್ಮ ಸೆರಗು ಸರಿಪಡಿಸಿಕೊಂಡು, ನಗುತ್ತಾ, ಹಿಂದಿನ ಸಾಲಿಗೆ ಹೋಗಿ ಕೂತರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಮೊದಲು ತಟ್ಟಿದವಳು ಬಿಂದುಶ್ರೀ.